ಎರವಿನ ಬಂಡಿ, ಬಿಡಿ ಲೇಖನ

ಹುಡುಗರಿಗೆ ತಕ್ಕ ಉದ್ಯೋಗಗಳ ವಿಷಯವಾಗಿ ನಾವು ಕಳೆದ ಸಂಚಿಕೆಯಲ್ಲಿ ಬರೆದುದನ್ನು ಓದಿ, ವಾಚಕ ಮಹಾಶಯರೊಬ್ಬರು ನಮಗೊಂದು ಕಾಗದವನ್ನು ಬರೆದಿದ್ದಾರೆ. ಅವರ ಮಗನಿಗೆ ಇಪ್ಪತ್ತಮೂರು ವರ್ಷ. ಪದವಿ ಮುಗಿದಿದೆ. ಮೋಟಾರ್‌ಸೈಕಲಿನ ಹುಚ್ಚು ವಿಪರೀತ. ಈಚೆಗೆ ಅವನು ನಮ್ಮ ಸೀಮೆಯದೇ ಆದ ಒಂದು ಮೋಟಾರ್‌ಸೈಕಲ್ ಮಾಸಪತ್ರಿಕೆಗೆ ಲೇಖನಗಳನ್ನು ಬರೆದು ಕಳುಹಿಸುತ್ತಿರುವನಂತೆ. ಎರಡು ಅಚ್ಚೂ ಆಗಿವೆಯಂತೆ. “ಇದೂ ಒಂದು ಉದ್ಯೋಗವೆ? ಇದರಿಂದ ಮನೆ ನಡೆದೀತೆ? ತಾವು ದಯವಿಟ್ಟು ತಿಳಿಸಬೇಕು” ಎಂದು ಕೇಳಿದ್ದಾರೆ.

ಒಂದೇ ಮಾತಿನಲ್ಲಿ ಉತ್ತರ ಕೊಡುವುದಾದರೆ, ಮನೆ ನಡೆಯುವುದಿಲ್ಲ. ಆದರೆ ಅಷ್ಟು ಹೇಳಿ ಕೈತೊಳೆದುಕೊಳ್ಳುವುದಕ್ಕೆ ನಮಗೆ ಮನಸ್ಸು ಬಾರದು. ಏಕೆಂದರೆ ಈ ಕಸುಬಿನವನೊಬ್ಬನು ನಮ್ಮ ಮನೆಯಲ್ಲಿಯೇ ಇದ್ದಾನೆ. ಅವನ ವಿಷಯದಲ್ಲಿ ನಾವು ಕೊಟ್ಟ ಒಂದು ಬುದ್ಧಿವಾದವು ತಪ್ಪಾಗಿ ಪರಿಣಮಿಸಿತು. ಅದನ್ನು ಮುಚ್ಚಿಟ್ಟುಕೊಂಡು ಪರರ ಮಕ್ಕಳಿಗೆ ಬುದ್ಧಿ ಹೇಳಹೊರಡುವುದು ನ್ಯಾಯವಲ್ಲ.

ಅವನು ನಮ್ಮ ತಂಗಿಯ ಮಗ. ಮೈಸೂರಿನಲ್ಲಿ ಹುಟ್ಟಿ ಬೆಳೆದವನು. ಹಗಲು ಒಂದು ಕಾರ್ಖಾನೆಯಲ್ಲಿ ಕೆಲಸ, ರಾತ್ರಿ ಬರವಣಿಗೆ. ಮೈಸೂರಿನ ಹುಡುಗರಿಗೆ ಮೋಟಾರ್‌ಸೈಕಲಿನ ಮೇಲೆ ಮಮತೆಯಿರುವುದು ಆಶ್ಚರ್ಯವೇನೂ ಅಲ್ಲ. 1961ರಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಬಂಡಿಗಳ ತಯಾರಿಕೆ ಮೊದಲಾದಂದಿನಿಂದ, 1973ರ ಸುಮಾರಿಗೆ ಆ ಬಂಡಿಗೆ ಯೆಜ್ಡಿ ಎಂಬ ಹೆಸರು ಬಂದು, 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚುವವರೆಗೂ, ಆ ಊರಿನ ಎಷ್ಟೋ ಸಂಸಾರಗಳು ಅಲ್ಲಿಯ ಸಂಬಳದಿಂದ ಬದುಕಿದವು. ಜಾವಾ ಎಂಬುದು ಯಾನೆಚೆಕ್ ಎಂಬ ಜೆಕ್ ಉದ್ಯಮಿಯ ಹೆಸರಿನ ಮೊದಲ ಅಕ್ಷರವನ್ನೂ ವಾಂಡರರ್ ಎಂಬ ಕಂಪೆನಿಯ ಹೆಸರಿನ ಮೊದಲ ಅಕ್ಷರವನ್ನೂ ಕೂಡಿಸಿ 1929ರಲ್ಲಿ ಕಟ್ಟಿದ ಹೆಸರೆಂದು ಎಷ್ಟು ಹೇಳಿದರೂ, ಮೈಸೂರಿನವರಿಗೆ ಅದು ತಮ್ಮೂರ ಹೆಸರೇ. ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕಾಗತಕ್ಕ ಆ ಬಂಡಿಯ ಚಮತ್ಕಾರವನ್ನು ನಮ್ಮ ಹುಡುಗನು ಆರು ವರ್ಷದವನಾಗಿದ್ದಾಗಲೇ ತನ್ನ ಅಜ್ಜನಿಂದ ಕಲಿತಿದ್ದನು. ಅವನ ಮೊದಲನೆಯ ಲೇಖನವೂ ಅದನ್ನೇ ಕುರಿತದ್ದು. ಇಂದಿಗೂ ಆ ಹಳೆಯ ಬಂಡಿಗಳನ್ನು ಬಿಚ್ಚಿ ಕಟ್ಟುವ ವೃದ್ಧ ಮೆಕ್ಯಾನಿಕರೊಬ್ಬರ ಅಂಗಡಿಯಲ್ಲಿ ಮೂರು ಸಂಜೆ ಕುಳಿತು ಬರೆದದ್ದು. ಅದಕ್ಕೆ 1,200 ರೂಪಾಯಿ ಬಂದಿತು. ಆ ಹಣದಲ್ಲಿ ಅವನು ತಾಯಿಗೆ ಒಂದು ಸೀರೆಯನ್ನು ತಂದುಕೊಟ್ಟನು. ನಮ್ಮ ತಂಗಿ ಅದನ್ನು ಉಟ್ಟುಕೊಂಡಳು. ಆದರೆ “ಇದು ಸಂಬಳದ ಸೀರೆಯಲ್ಲ, ಹುಚ್ಚಿನ ಸೀರೆ” ಎಂದಳು.

ಇಂಥವರನ್ನು ಈಗಿನವರು ಫ್ರೀಲಾನ್ಸ್ ಲೇಖಕರೆಂದು ಕರೆಯುತ್ತಾರೆ. ಆ ಮಾತಿನ ಹುಟ್ಟು ನಮಗೆ ಬಹಳ ಮೆಚ್ಚುಗೆಯಾದದ್ದು. ಲಾನ್ಸ್ ಎಂದರೆ ಈಟಿ. ಯಾವ ದೊರೆಗೂ ಕಟ್ಟುಬೀಳದೆ, ಕೂಲಿ ಕೊಟ್ಟವನ ಪರವಾಗಿ ಈಟಿ ಹಿಡಿಯುವ ಭಟನೆಂಬ ಅರ್ಥದಲ್ಲಿ ಸರ್ ವಾಲ್ಟರ್ ಸ್ಕಾಟನು ತನ್ನ ‘ಐವನ್‌ಹೋ’ ಕಾದಂಬರಿಯಲ್ಲಿ ಅದನ್ನು ಬಳಸಿದ್ದಾನೆ. ಪತ್ರಿಕೆಯವರ ಸಂಬಳವಿಲ್ಲ, ರಜವಿಲ್ಲ, ಭವಿಷ್ಯನಿಧಿಯಿಲ್ಲ. ಬಿಡಿ ಲೇಖನಕ್ಕೆ ಬಿಡಿ ಸಂಭಾವನೆ. ಈಟಿಯು ತನ್ನದೆಂದು ಭಟನು ಹೆಮ್ಮೆಪಡಬಹುದು; ಅದು ಯಾರ ಕಡೆಗೆ ತಿರುಗಿದೆಯೆಂಬುದು ಮಾತ್ರ ಹೊತ್ತು ಬಂದಾಗಲೇ ತಿಳಿಯುವುದು.

ಗೃಹಸ್ಥರಿಗೆ ಲೆಕ್ಕವು ಮೊದಲು ಬೇಕು. ನಮ್ಮ ಹುಡುಗನು ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರಗಳ ಮೇಲೆ ಮಡಿಕೇರಿಗೆ ಹೋಗಿ ಬಂದ ರಸ್ತೆಯ ಸ್ಥಿತಿಗತಿಗಳನ್ನು ಕುರಿತು ಒಂದು ಲೇಖನವನ್ನು ಬರೆದನು. ಹೋಗುವುದಕ್ಕೆ 120 ಕಿಲೋಮೀಟರು, ಬರುವುದಕ್ಕೆ ಅಷ್ಟೇ. ಪೆಟ್ರೋಲಿಗೆ 620 ರೂಪಾಯಿ, ಊಟ ಕಾಫಿಗಳಿಗೆ 180. ಒಂದು ಭಾನುವಾರ ಪೂರ್ತಿ ರಸ್ತೆಯ ಮೇಲೆ. ನಾಲ್ಕು ರಾತ್ರಿ ಮೇಜಿನ ಮುಂದೆ. ಸಂಭಾವನೆ 1,500. ಕಳೆದರೆ ಉಳಿದದ್ದು 700. ಅದೂ ಲೇಖನವನ್ನು ಒಪ್ಪಿದಾಗ ಬಂದದ್ದಲ್ಲ. ಅಚ್ಚಾದಾಗ ಬಂದದ್ದೂ ಅಲ್ಲ. ಅಚ್ಚಾಗಿ ಮೂರು ತಿಂಗಳಾದ ಮೇಲೆ, ಎರಡು ಜ್ಞಾಪನಪತ್ರಗಳನ್ನು ಬರೆದ ಮೇಲೆ ಬಂದದ್ದು. ಬಂಡಿಯ ಟೈರು ಸವೆದದ್ದನ್ನು ಯಾರೂ ಲೆಕ್ಕ ಹಿಡಿಯಲಿಲ್ಲ. ನಮಗೆ ಕಾಗದ ಬರೆದ ಮಹನೀಯರು ಈ ಲೆಕ್ಕವನ್ನು ತಮ್ಮ ಮಗನ ಮುಂದಿಟ್ಟರೆ ಅವನು ನಗುವನೆಂದೇ ನಮ್ಮ ಊಹೆ. ನಮ್ಮವನೂ ನಕ್ಕನು.

ಹಾಗಾದರೆ ಅವರು ಬರೆಯುವುದೇಕೆ? ಈ ಬಗೆಯ ಬರವಣಿಗೆಯ ಚರಿತ್ರೆಯನ್ನು ನೋಡಿದರೆ, ಹೊಟ್ಟೆಪಾಡನ್ನು ಬೇರೆಲ್ಲಿಯೋ ಮಾಡಿಕೊಂಡು ಇದನ್ನು ಕೈಬಿಡದವರೇ ಹೆಚ್ಚಾಗಿ ಕಾಣುತ್ತಾರೆ. ಇಂಗ್ಲೆಂಡಿನ ‘ದಿ ಮೋಟಾರ್ ಸೈಕಲ್’ ಎಂಬ ವಾರಪತ್ರಿಕೆಯಲ್ಲಿ ‘ಇಕ್ಸಿಯನ್’ ಎಂಬ ಹೆಸರಿನಿಂದ ಐವತ್ತು ವರ್ಷಕ್ಕೂ ಮಿಕ್ಕಿ ಅಂಕಣ ಬರೆದವರು ಯಾರೆಂದು ಬಲ್ಲಿರಾ? ಬೇಸಿಲ್ ಡೇವಿಸ್ ಎಂಬ ಪಾದ್ರಿಗಳು! ಭಾನುವಾರ ಚರ್ಚಿನಲ್ಲಿ ಉಪದೇಶ. ಉಳಿದ ದಿನಗಳಲ್ಲಿ ಕಾರ್ಬುರೇಟರು. ಗ್ರೀಕರ ಪುರಾಣದಲ್ಲಿ ಇಕ್ಸಿಯನ್ನನು ಉರಿಯುವ ಚಕ್ರಕ್ಕೆ ಕಟ್ಟುಬಿದ್ದು ನಿರಂತರ ತಿರುಗತಕ್ಕ ಶಾಪವನ್ನು ಪಡೆದವನು. ಪಾದ್ರಿಗಳಿಗೆ ವಿನೋದಪ್ರವೃತ್ತಿ ಇದ್ದಿತೆಂಬುದು ಆ ಒಂದು ಹೆಸರಿನಿಂದಲೇ ತಿಳಿಯುತ್ತದೆ. ಅಮೆರಿಕದ ರಾಬರ್ಟ್ ಪಿರ್ಸಿಗ್ ಎಂಬವರು ಕಂಪ್ಯೂಟರ್ ಯಂತ್ರಗಳ ಕೈಪಿಡಿಗಳನ್ನು ಬರೆಯುವ ನೌಕರಿಯಲ್ಲಿದ್ದು, ಬೆಳಗಿನ ಝಾವದಲ್ಲೆದ್ದು ತಮ್ಮ ಮೋಟಾರ್‌ಸೈಕಲ್ ಯಾತ್ರೆಯ ಗ್ರಂಥವನ್ನು ಬರೆದರು. 121 ಮಂದಿ ಪ್ರಕಾಶಕರು ಅದನ್ನು ಒಲ್ಲೆವೆಂದ ಮೇಲೆ 1974ರಲ್ಲಿ ಅದು ಹೊರಬಂದಿತು. ವಿಸ್ಕಾನ್ಸಿನ್ ಸೀಮೆಯಲ್ಲಿ ಕಾರು ರಿಪೇರಿ ಮಾಡಿಕೊಂಡಿದ್ದ ಪೀಟರ್ ಈಗನ್ ಎಂಬವರು, ತಮ್ಮ ನಾರ್ಟನ್ ಬಂಡಿಯು ಯಾತ್ರೆಯ ನಡುವೆ ಕೆಟ್ಟು ಕುಳಿತ ಕಥೆಯನ್ನು 1970ರ ದಶಕದ ಕೊನೆಯಲ್ಲಿ ‘ಸೈಕಲ್ ವರ್ಲ್ಡ್’ ಪತ್ರಿಕೆಗೆ ಬರೆದು ಕಳುಹಿಸಿದರು. ಅದು ಅಚ್ಚಾಯಿತು, 1980ರಲ್ಲಿ ಆ ಪತ್ರಿಕೆಯವರೇ ಅವರನ್ನು ಕರೆದು ಕೆಲಸ ಕೊಟ್ಟರು. ಇಂಥ ಅದೃಷ್ಟವು ನೂರರಲ್ಲಿ ಒಬ್ಬರದು. ಆದರೂ ಗಮನಿಸಬೇಕು: ಆ ಸಂಪಾದಕರಿಗೆ ಹಿಡಿಸಿದ್ದು ಬಂಡಿ ಕೆಟ್ಟ ಕಥೆ.

ಸೀಮೆಯ ಪತ್ರಿಕೆಯ ಸ್ಥಿತಿಯೇ ಬೇರೆ. ದೇಶಕ್ಕೆಲ್ಲ ಸಲ್ಲುವ ಇಂಗ್ಲಿಷ್ ಪತ್ರಿಕೆಗಳು ಹೊಸ ಬಂಡಿಯು ಎಷ್ಟು ಸೆಕೆಂಡಿನಲ್ಲಿ ಎಷ್ಟು ವೇಗಕ್ಕೆ ಏರುವುದೆಂದು ಬರೆದಾವು. ಹುಣಸೂರಿನ ಆಚೆ ಯಾವ ಸೇತುವೆಯ ಬಳಿ ಜಲ್ಲಿ ಎದ್ದಿದೆ, ಯಾವ ಊರಿನಲ್ಲಿ ಹಳೆಯ ಬಂಡಿಯ ಬಿಡಿಭಾಗಗಳು ದೊರೆಯುತ್ತವೆ, ಎಂಬುದು ಅವಕ್ಕೆ ಬೇಕಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮಡಿಕೇರಿ-ಮಂಗಳೂರು ರಸ್ತೆ ಕೆಟ್ಟುಹೋದಾಗ, ಆ ರಸ್ತೆಯ ಮೇಲೆ ಬದುಕತಕ್ಕವರಿಗೆ ತಿರುವು ತಿರುವಿನ ವರ್ತಮಾನವು ಬೇಕಾಗಿದ್ದಿತು. ಅಂಥ ವರ್ತಮಾನವೇ ಸೀಮೆಯ ಪತ್ರಿಕೆಯ ಬಂಡವಾಳ. ಓದುವವನು ಲೇಖಕನ ನೆರೆಯವನು. ಒಂದು ಬಂಡಿಯನ್ನು ಕೊಳ್ಳುವುದಕ್ಕೆ ಮೂರು ವರ್ಷ ಕಂತು ಕಟ್ಟತಕ್ಕವನು. ಆ ಒಂದೇ ಬಂಡಿಯ ಮೇಲೆ ಹೆಂಡತಿಯನ್ನೂ ಅಕ್ಕಿಚೀಲವನ್ನೂ ಹೊರತಕ್ಕವನು. ಆದರೆ ಪತ್ರಿಕೆಗೆ ಜಾಹೀರಾತು ಕೊಡತಕ್ಕವನೂ ಅದೇ ಊರಿನ ಅದೇ ಬೀದಿಯವನೇ. ತೊಡಕು ಇರುವುದು ಇಲ್ಲಿ.

ನಮ್ಮ ಹುಡುಗನು ಬರೆಯುವ ಪತ್ರಿಕೆಯ ಹೆಸರನ್ನು ನಾವು ಹೇಳುವುದಿಲ್ಲ. ಒಂದು ಮುದ್ರಣಾಲಯದ ಮಹಡಿಯ ಮೇಲೆ ಸಂಪಾದಕರೂ ಅವರ ಸಹಾಯಕನೊಬ್ಬನೂ ಕೂಡಿ ನಡೆಸುವ 32 ಪುಟದ ಪತ್ರಿಕೆ ಅದು. ಚಂದಾದಾರರು ಕೊಡುವ ಹಣ ಕಾಗದಕ್ಕೆ ಸಾಲದು. ಹಿಂಬದಿಯ ರಕ್ಷಾಪುಟವನ್ನು ವರ್ಷಕ್ಕೆಲ್ಲ ಹಿಡಿದಿರುವ ಒಬ್ಬ ಮೋಟಾರ್‌ಸೈಕಲ್ ವ್ಯಾಪಾರಿಯಿಂದ ಪತ್ರಿಕೆಯ ಉಸಿರು ಆಡುತ್ತಿದ್ದಿತು. ಒಂದು ದಿನ ಆ ವ್ಯಾಪಾರಿಯೇ, ತಮ್ಮಲ್ಲಿ ಹೊಸದಾಗಿ ಬಂದ ಒಂದು ಸಾಧಾರಣ ಬೆಲೆಯ ಬಂಡಿಯನ್ನು ವಾರದ ಮಟ್ಟಿಗೆ ಎರವಾಗಿ ಕೊಟ್ಟು, ಓಡಿಸಿ ನೋಡಿ ಬರೆಯಿಸಬೇಕೆಂದು ಹೇಳಿದರು. ಸಂಪಾದಕರು ನಮ್ಮ ಹುಡುಗನನ್ನು ಕರೆದರು. ಬಂಡಿಗೆ ಏನಾದರೂ ಆದರೆ ತಾನೇ ಹೊಣೆಯೆಂದು ಅವನು ಮುಚ್ಚಳಿಕೆ ಬರೆದುಕೊಟ್ಟು ಬಂಡಿಯನ್ನು ತಂದನು. ಈ ಮುಚ್ಚಳಿಕೆಯ ಸಂಗತಿಯನ್ನು ನಮ್ಮ ತಂಗಿಗೆ ಇಂದಿಗೂ ಹೇಳಿಲ್ಲ. ಈ ಸಂಚಿಕೆ ಅವಳ ಕೈಗೆ ಸೇರಿದ ದಿನ ತಿಳಿಯುವುದು.

ವಾರದಲ್ಲಿ ಐದು ದಿನ ಅವನು ಬಂಡಿಯನ್ನು ಊರೊಳಗೆ ಓಡಿಸಿದನು. ಬಂಡಿ ಒಳ್ಳೆಯದೇ. ಪೆಟ್ರೋಲು ಕಡಮೆ ಕುಡಿಯುತ್ತದೆ, ಸೀಟು ಅಗಲವಾಗಿದೆ, ಸದ್ದು ಮೆತ್ತಗಿದೆ. ಭಾನುವಾರ ಗೆಳೆಯನೊಬ್ಬನನ್ನು ಹಿಂದೆ ಕೂರಿಸಿಕೊಂಡು, ಇಬ್ಬರ ನಡುವೆ ಒಂದು ತುಂಬಿದ ಚೀಲವನ್ನಿಟ್ಟು, ಮೂರೂವರೆ ಸಾವಿರ ಅಡಿಗೂ ಮಿಕ್ಕ ಎತ್ತರದ ಮಡಿಕೇರಿಗೆ ಹೋಗಿ, ಅಲ್ಲಿಂದ ಸಂಪಾಜೆಯ ಘಟ್ಟವನ್ನು ಇಳಿದನು. ಮಳೆ ಬಿಟ್ಟು ನಾಲ್ಕು ದಿನವಾಗಿದ್ದಿತು, ರಸ್ತೆ ಒಣಗಿದ್ದಿತು. ಘಟ್ಟದ ಮೇಲೆ ಸಮತಟ್ಟಾದ ಕಡೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬ್ರೇಕು ಹಿಡಿದು ಹೆಜ್ಜೆ ಎಣಿಸಿದಾಗ ಬಂಡಿಯು 14 ಹೆಜ್ಜೆಗೆ ನಿಂತಿದ್ದಿತು. ಘಟ್ಟವನ್ನು ಇಳಿದು ಮುಗಿಸಿದೊಡನೆ, ಮತ್ತೊಂದು ಸಮತಟ್ಟಿನ ಕಡೆ, ಅದೇ ವೇಗದಲ್ಲಿ, ಅದೇ ಭಾರದಲ್ಲಿ ಹಿಡಿದರೆ 23 ಹೆಜ್ಜೆ ಹೋಯಿತು. ಕೈಯ ಲಿವರು ಹಿಡಿಕೆಯ ಹತ್ತಿರದವರೆಗೂ ಬಂದಿತು. ಅರ್ಧ ಗಂಟೆ ನಿಲ್ಲಿಸಿ ಆರಿಸಿದ ಮೇಲೆ ಮತ್ತೆ ಮೊದಲಿನಂತಾಯಿತು.

ಇದರ ಕಾರಣವು ತಿಳಿದವರಿಗೆ ಹೊಸದಲ್ಲ; ಆದರೆ ಮನೆಯ ಹೆಂಗಸರೂ ತಿಳಿದಿರಬೇಕಾದ ವಿಷಯವಾದುದರಿಂದ ಬರೆಯುತ್ತೇವೆ. ಡ್ರಮ್ ಬ್ರೇಕೆಂದರೆ ಮುಚ್ಚಿದ ಪಾತ್ರೆಯಂಥದು. ಒಳಗಿರುವ ಷೂಗಳು ಡ್ರಮ್ಮಿನ ಒಳಮೈಯನ್ನು ಉಜ್ಜಿ ಚಕ್ರವನ್ನು ಹಿಡಿಯುತ್ತವೆ. ಉಜ್ಜಿದಂತೆಲ್ಲ ಕಾವು ಏರುವುದು. ಕಾವು ಹೊರಗೆ ಹೋಗುವುದಕ್ಕೆ ದಾರಿ ಕಡಮೆ. ಡ್ರಮ್ಮು ಕಾದು ಹಿಗ್ಗಿ ಷೂಗಳಿಂದ ದೂರ ಸರಿಯುತ್ತದೆ. ಷೂಗಳ ಹಿಡಿತವೂ ಬಿಸಿಯಲ್ಲಿ ಕುಗ್ಗುತ್ತದೆ. ಡಿಸ್ಕ್ ಬ್ರೇಕಿನ ತಟ್ಟೆಯು ಗಾಳಿಗೆ ತೆರೆದಿರುವುದರಿಂದ ಬೇಗ ಆರುತ್ತದೆ. 2019ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ ಮಾರುವ ಹೊಸ ದ್ವಿಚಕ್ರಗಳಲ್ಲಿ 125 ಸಿಸಿಗೆ ಮೇಲ್ಪಟ್ಟವಕ್ಕೆ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಇರಬೇಕೆಂದೂ, ಅದಕ್ಕೆ ಕೆಳಗಿನವಕ್ಕೆ ಒಂದು ಬ್ರೇಕು ಒತ್ತಿದರೆ ಎರಡು ಚಕ್ರವನ್ನೂ ಹಿಡಿಯುವ ಏರ್ಪಾಡಾದರೂ ಇರಬೇಕೆಂದೂ ವಿಧಿಸಿದೆ. ಈ ಬಂಡಿಗೆ ಎರಡನೆಯ ಬಗೆಯದು ಇದ್ದಿತು. ಅದು ಹಿಡಿತವನ್ನು ಹಂಚೀತೇ ಹೊರತು ಕಾವನ್ನು ಇಳಿಸಲಾರದು. ಘಟ್ಟವನ್ನು ಹತ್ತುವುದಕ್ಕೆ ಯಾವ ಗೇರು ಬೇಕೋ ಅದೇ ಗೇರಿನಲ್ಲಿ ಇಳಿದರೆ ಎಂಜಿನ್ನೇ ಬಂಡಿಯನ್ನು ಹಿಡಿಯುವುದರಿಂದ ಬ್ರೇಕಿಗೆ ಶ್ರಮ ಕಡಮೆ. ಹಳೆಯ ಜಾವಾದವರಿಗೆ ಈ ಉಪಾಯವೂ ಪೂರಾ ದಕ್ಕುತ್ತಿರಲಿಲ್ಲ. ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಿ ಓಡಿಸುವ ಟು-ಸ್ಟ್ರೋಕ್ ಎಂಜಿನ್ನಿಗೆ ಹಾಗೆ ಹಿಡಿಯುವ ಶಕ್ತಿಯೂ ಸಾಲದು, ಥ್ರಾಟಲನ್ನು ಮುಚ್ಚಿಕೊಂಡೇ ಬಹಳ ದೂರ ಇಳಿದರೆ ಎಣ್ಣೆಯೂ ಸಾಲದು.

ಹುಡುಗನು ಬಂಡಿಯ ಗುಣಗಳನ್ನೆಲ್ಲ ಧಾರಾಳವಾಗಿ ಬರೆದು, ಕೊನೆಯಲ್ಲಿ ಎರಡು ವಾಕ್ಯಗಳನ್ನು ಸೇರಿಸಿದನು. ತುಂಬಿದ ಭಾರದಲ್ಲಿ ಘಟ್ಟವನ್ನಿಳಿದ ಮೇಲೆ 14 ಹೆಜ್ಜೆಗೆ ನಿಲ್ಲುತ್ತಿದ್ದ ಬಂಡಿಯು 23 ಹೆಜ್ಜೆ ಹೋಯಿತೆಂಬುದು ಒಂದು. ಇದೇ ಬಂಡಿಯು ಕೆಲವು ಸಾವಿರ ರೂಪಾಯಿ ಹೆಚ್ಚಿಗೆ ಡಿಸ್ಕ್ ಬ್ರೇಕಿನೊಡನೆಯೂ ದೊರೆಯುವುದರಿಂದ ಘಟ್ಟದ ಸೀಮೆಯವರು ಅದನ್ನೇ ಕೊಳ್ಳುವುದು ಲೇಸೆಂಬುದು ಇನ್ನೊಂದು. ಸಂಪಾದಕರು ಟೆಲಿಫೋನು ಮಾಡಿದರು. ವ್ಯಾಪಾರಿಗಳ ಗೋಡೌನಿನಲ್ಲಿ ಡ್ರಮ್ ಬ್ರೇಕಿನ ಬಂಡಿಗಳೇ ಸಾಲುಗಟ್ಟಿ ನಿಂತಿವೆ. ಆ ಎರಡು ವಾಕ್ಯಗಳನ್ನು ತೆಗೆದರೆ ಲೇಖನವು ಈ ತಿಂಗಳೇ ಬರುವುದು. ಇಲ್ಲದಿದ್ದರೆ ಯೋಚಿಸಬೇಕಾಗುವುದು, ಎಂದರು.

ಆ ಸಂಜೆ ಅವನು ನಮ್ಮಲ್ಲಿಗೆ ಬಂದನು. ಇಲ್ಲಿ ನಮ್ಮ ತಪ್ಪು. “ಎರಡು ವಾಕ್ಯಕ್ಕಾಗಿ ಬಾಗಿಲನ್ನು ಮುಚ್ಚಿಕೊಳ್ಳಬೇಡಪ್ಪ. ನಲವತ್ತು ವಾಕ್ಯ ಬರೆದಿದ್ದೀಯೆ, ಮೂವತ್ತೆಂಟು ಅಚ್ಚಾಗುತ್ತವೆ. ನಮ್ಮವನ್ನು ಎಷ್ಟು ಸಂಪಾದಕರು ಎಷ್ಟು ಸಲ ಕತ್ತರಿಸಿಲ್ಲ?” ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ಹೇಳಿದರೆ ಸರಿ ಮಾವ” ಎಂದು ಎದ್ದುಹೋದನು. ಬರೆದು ಪಳಗಿದವರೆಂಬ ಹಮ್ಮಿನಿಂದ ನಾವು ವಾಕ್ಯಗಳನ್ನು ಎಣಿಸಿದೆವು. ಅವುಗಳಲ್ಲಿ ಇದ್ದುದೇನೆಂದು ಕೇಳಲಿಲ್ಲ.

ಲೇಖನವು ಅವನ ಹೆಸರಿನಿಂದ, ಬಂಡಿಯ ಮೇಲೆ ಅವನು ಕುಳಿತಿರುವ ಚಿತ್ರದೊಡನೆ ಪ್ರಕಟವಾಯಿತು. 1,500 ರೂಪಾಯಿ ಈ ಸಲ ಹದಿನೈದೇ ದಿನಗಳಲ್ಲಿ ಬಂದಿತು. ನಮಗೆ ಆಗಲೇ ತೋಚಬೇಕಾಗಿದ್ದಿತು.

ದೀಪಾವಳಿಗೆ ಅವನು ಸುಳ್ಯದಲ್ಲಿರುವ ಅಕ್ಕನ ಮನೆಗೆ ಹೋದನು. ಅವಳ ಗಂಡ ಅಲ್ಲಿ ಉಪಾಧ್ಯಾಯರು. ಅವರ ವೃದ್ಧ ತಾಯಿ ಮಡಿಕೇರಿಯಲ್ಲಿ ಹಿರಿಯ ಮಗನ ಮನೆಯಲ್ಲಿದ್ದಾರೆ; ತಿಂಗಳಿಗೆ ಎರಡು ಸಲವಾದರೂ ಇವರು ಹೋಗಿಬರಬೇಕು. ಬಸ್ಸಿನಲ್ಲಿ ಅಲೆದು ಬೇಸತ್ತು, ಬಂಡಿಯೊಂದನ್ನು ಕೊಳ್ಳಬೇಕೆಂದು ವರ್ಷದಿಂದ ಹಣ ಕೂಡಿಸುತ್ತಿದ್ದರು. ಊಟವಾದ ಮೇಲೆ ಅವರು ಒಳಗಿನಿಂದ ಆ ಪತ್ರಿಕೆಯನ್ನು ತಂದು ಮುಂದಿಟ್ಟು, “ನಿನ್ನ ಲೇಖನ ನೋಡಿಯೇ ಮುಂಗಡ ಕೊಟ್ಟೆ ಮಾರಾಯ. ಬೇರೆ ಯಾರು ಬರೆದಿದ್ದರೂ ನಾನು ನಂಬುತ್ತಿರಲಿಲ್ಲ” ಎಂದರು. ರಸೀತಿಯನ್ನೂ ತೋರಿಸಿದರು. ಡ್ರಮ್ ಬ್ರೇಕಿನ ಬಂಡಿಗೇ ಮುಂಗಡ.

ಹುಡುಗನು ಎಲ್ಲವನ್ನೂ ಹೇಳಿದನು. ಘಟ್ಟದ ಹೆಸರನ್ನೂ ಹೆಜ್ಜೆಗಳ ಲೆಕ್ಕವನ್ನೂ ಹೇಳಿದನು. ಭಾವನವರು ಕೋಪಿಸಿಕೊಳ್ಳಲಿಲ್ಲ. “ನಿನಗೆ ಗೊತ್ತಿತ್ತಾ? ಗೊತ್ತಿದ್ದೂ ಬರೆಯಲಿಲ್ಲವಾ?” ಎಂದಷ್ಟೇ ಕೇಳಿದರು. “ಬರೆದಿದ್ದೆ ಭಾವ, ತೆಗೆದರು” ಎಂದನು ಇವನು. “ಹೆಸರು ನಿನ್ನದೇ ಇದೆಯಲ್ಲ” ಎಂದರು ಅವರು. ಅಕ್ಕನು ಒಂದು ಮಾತನ್ನೂ ಆಡದೆ ತೊಡೆಯ ಮೇಲೆ ಮಲಗಿದ್ದ ಮಗುವನ್ನು ಎತ್ತಿಕೊಂಡು ಒಳಕ್ಕೆ ಹೋದಳು.

ಕೆಲವು ಸಾವಿರ ಹೆಚ್ಚಿಗೆ ಕೊಟ್ಟು ಅವರು ಡಿಸ್ಕ್ ಬ್ರೇಕಿನ ಬಂಡಿಯನ್ನೇ ತೆಗೆದುಕೊಂಡರು, ಕೇಡೇನೂ ಆಗಲಿಲ್ಲ. ಆದರೆ ಹುಡುಗನು ಮೈಸೂರಿಗೆ ಹಿಂದಿರುಗಿ ನೆಟ್ಟಗೆ ನಮ್ಮ ಮನೆಗೆ ಬಂದು, ಚಪ್ಪಲಿಯನ್ನು ಬಿಡುವ ಮುನ್ನವೇ, “ಮಾವ, ಭಾವನಿಗಾದರೆ ನಾನು ಹೇಳಿದೆ. ಉಳಿದವರಿಗೆ ಯಾರು ಹೇಳುತ್ತಾರೆ?” ಎಂದು ಕೇಳಿದನು. ನಮ್ಮಲ್ಲಿ ಉತ್ತರವಿರಲಿಲ್ಲ. ಮರುದಿನ ಅವನನ್ನು ಕರೆದುಕೊಂಡು ನಾವೇ ಆ ಸಂಪಾದಕರ ಮಹಡಿಯನ್ನು ಹತ್ತಿದೆವು.

ಸಂಪಾದಕರನ್ನು ದುಷ್ಟರೆಂದು ಚಿತ್ರಿಸಿದರೆ ನಮಗೆ ಪಾಪ ಬಂದೀತು. ಅವರು ಲೆಕ್ಕದ ಪುಸ್ತಕವನ್ನೇ ತೆರೆದು ತೋರಿಸಿದರು. ಕಾಗದದ ಬಾಕಿ, ಅಚ್ಚಿನ ಬಾಕಿ, ಸಹಾಯಕನ ಸಂಬಳ; ಎದುರಿಗೆ ರಕ್ಷಾಪುಟದ ಒಂದೇ ಒಂದು ಬಾಬು. “ನಾನು ಸುಳ್ಳನ್ನೇನೂ ಅಚ್ಚು ಹಾಕಲಿಲ್ಲವಲ್ಲ ಸ್ವಾಮಿ” ಎಂದರು. ಅದು ನಿಜ. ಅಚ್ಚಾಗಿದ್ದ ಮೂವತ್ತೆಂಟು ವಾಕ್ಯಗಳಲ್ಲಿ ಒಂದೂ ಸುಳ್ಳಲ್ಲ. ನಾವು ಅವರಿಗೆ ಜೋ ಪಾರ್ಕ್‌ಹರ್ಸ್ಟ್ ಎಂಬವರ ವಿಷಯವನ್ನು ಹೇಳಿದೆವು. 1962ರಲ್ಲಿ ‘ಸೈಕಲ್ ವರ್ಲ್ಡ್’ ಪತ್ರಿಕೆಯನ್ನು ಮೊದಲು ಮಾಡಿದವರು ಅವರೇ. ಅದಕ್ಕೆ ಮುಂಚೆ ಅಮೆರಿಕದ ಮೋಟಾರ್‌ಸೈಕಲ್ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟವನ ಬಂಡಿಯ ದೋಷವನ್ನು ಬರೆಯುವುದು ಅಪೂರ್ವವಾಗಿದ್ದಿತು. ಇವರು ಬಂಡಿಗಳನ್ನು ಅಳೆದು ನೋಡಿ, ಗುಣದಂತೆ ದೋಷವನ್ನೂ ಅಚ್ಚು ಹಾಕಿದರು, ಪತ್ರಿಕೆಯೂ ಬೆಳೆಯಿತು. ಸಂಪಾದಕರು ಶಾಂತವಾಗಿ ಕೇಳಿ, “ಅವರ ಪತ್ರಿಕೆಗೆ ದೇಶವೆಲ್ಲ ಓದುಗರು ಸ್ವಾಮಿ. ನನಗೆ ನಾಲ್ಕು ಜಿಲ್ಲೆ” ಎಂದರು. ಅದಕ್ಕೆ ನಾವು ಏನು ಹೇಳಬೇಕಾಗಿದ್ದಿತೋ ಇಂದಿಗೂ ತಿಳಿಯದು.

ಕಡೆಗೆ ಮಾತು ಹೀಗೆ ನಿಂತಿತು. ಮುಂದಿನ ಸಂಚಿಕೆಯಲ್ಲಿ ಘಟ್ಟವನ್ನು ಇಳಿಯುವ ಬಗೆಯನ್ನು ಕುರಿತು ಅರ್ಧ ಪುಟವನ್ನು ಹುಡುಗನು ಬರೆಯತಕ್ಕದ್ದು. ಅದರಲ್ಲಿ ಆ ಬಂಡಿಯ ಹೆಸರೂ 14 ಮತ್ತು 23 ಎಂಬ ಅಂಕಿಗಳೂ ಇರತಕ್ಕದ್ದು. ಆ ಅರ್ಧ ಪುಟಕ್ಕೆ ಸಂಭಾವನೆ ಇಲ್ಲ. ಸಂಪಾದಕರು ಕೊಟ್ಟ ಮಾತನ್ನು ಉಳಿಸಿಕೊಂಡರು. ವ್ಯಾಪಾರಿಗಳು ರಕ್ಷಾಪುಟವನ್ನು ಬಿಟ್ಟುಕೊಟ್ಟರು. ಎರಡು ತಿಂಗಳು ಅಲ್ಲಿ ಪತ್ರಿಕೆಯ ಸ್ವಂತ ಚಂದಾ ಪ್ರಾರ್ಥನೆಯೇ ಅಚ್ಚಾಗುತ್ತಿದ್ದಿತು. ನೋಡಿದಾಗಲೆಲ್ಲ ನಮಗೆ ಸಂಕಟವಾಗುತ್ತಿದ್ದಿತು. ಮೂರನೆಯ ತಿಂಗಳು ಟೈರಿನ ಅಂಗಡಿಯವರೊಬ್ಬರು ಕಡಮೆ ದರಕ್ಕೆ ಅದನ್ನು ಹಿಡಿದರು. ಈಗ ಪತ್ರಿಕೆಗೆ ಎರವಿನ ಹೊಸ ಬಂಡಿಗಳು ಬರುವುದಿಲ್ಲ. ಅದಕ್ಕೆ ಬದಲಾಗಿ, ಬಂಡಿಯನ್ನು ಕೊಂಡು ಮೂರು ವರ್ಷ ಓಡಿಸಿದವರಿಂದಲೇ ಅದನ್ನು ಒಂದು ದಿನದ ಮಟ್ಟಿಗೆ ಕೇಳಿ ತಂದು ನಮ್ಮ ಹುಡುಗನು ಪರೀಕ್ಷಿಸಿ ಬರೆಯುತ್ತಾನೆ. ಕ್ಲಚ್ಚು ಎಷ್ಟು ಸಾವಿರ ಕಿಲೋಮೀಟರಿಗೆ ಹೋಯಿತು, ಕಂಪೆನಿಯವರು ಏನೆಂದರು, ಯಜಮಾನಿತಿಯ ಸೀರೆ ಹಿಂದಿನ ಚಕ್ರಕ್ಕೆ ಸಿಕ್ಕದಂತೆ ಇರುವ ಜಾಲರಿ ಸಡಿಲವಾಯಿತೆ, ಇಂಥ ವಿಷಯಗಳು. ಓದುವವರ ಕಾಗದಗಳು ಹೆಚ್ಚಾಗಿವೆಯೆಂದು ಸಂಪಾದಕರು ಹೇಳುತ್ತಾರೆ. ಹಣ ಹೆಚ್ಚಾಗಿದೆಯೆಂದು ಹೇಳುವುದಿಲ್ಲ. ಲೇಖನಕ್ಕೆ ಮಾತ್ರ 1,800 ರೂಪಾಯಿ ಮಾಡಿದ್ದಾರೆ.

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಅನೇಕ ಹುಡುಗರಿಗೆ ಇದು ತಿಳಿಯದು. 1957ರ ಕೃತಿಸ್ವಾಮ್ಯದ ಕಾಯಿದೆಯಂತೆ, ಸಂಬಳದ ಮೇಲಿರದೆ ಬಿಡಿಯಾಗಿ ಬರೆದವನ ಲೇಖನದ ಸ್ವಾಮ್ಯವು, ಬೇರೆ ಕರಾರಿಲ್ಲದಿದ್ದರೆ, ಬರೆದವನದೇ. ಅದನ್ನು ಇನ್ನೊಬ್ಬರಿಗೆ ವಹಿಸುವುದಾದರೆ ರುಜು ಹಾಕಿದ ಬರಹವಿರಬೇಕು. ಎಷ್ಟು ಕಾಲಕ್ಕೆಂದು ಅದರಲ್ಲಿ ಹೇಳದಿದ್ದರೆ ಐದು ವರ್ಷಕ್ಕೆಂದು ಅರ್ಥ. ಇನ್ನು 57ನೆಯ ಪ್ರಕರಣ. ಸ್ವಾಮ್ಯವನ್ನು ಮಾರಿದ ಮೇಲೆಯೂ, ತನ್ನ ಮಾನಕ್ಕೆ ಕುಂದು ಬರುವಂತೆ ಬರಹವನ್ನು ತಿರುಚಿದರೆ ಅಥವಾ ಅಂಗಭಂಗಮಾಡಿದರೆ ಲೇಖಕನು ಅದನ್ನು ತಡೆಯಬಹುದು. ಹಿಂದಿಯ ಲೇಖಕಿ ಮನ್ನೂ ಭಂಡಾರಿಯವರು ತಮ್ಮ ಕಾದಂಬರಿಯನ್ನು ಚಲನಚಿತ್ರದವರು ಬದಲಾಯಿಸಿದರೆಂದು ಹೂಡಿದ ವ್ಯಾಜ್ಯದಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು 1986ರಲ್ಲಿ ಈ ಹಕ್ಕಿನ ಘನತೆಯನ್ನು ವಿವರಿಸಿದೆ. ಎರಡು ವಾಕ್ಯಗಳಿಗಾಗಿ ಯಾರೂ ನ್ಯಾಯಾಲಯದ ಮೆಟ್ಟಲನ್ನು ಹತ್ತಬೇಕಾಗಿಲ್ಲ. ಸಂಪಾದಕನಿಗೆ ಕತ್ತರಿಯಿರುವುದು ನ್ಯಾಯವೇ. ಆದರೆ ಕತ್ತರಿಸಿದ ಮೇಲೆ ಉಳಿದುದಕ್ಕೆ ತನ್ನ ಹೆಸರು ಬೇಡವೆಂದು ಕೇಳುವ ಹಕ್ಕು ತನಗುಂಟೆಂದು ಹುಡುಗನಿಗೆ ಗೊತ್ತಿದ್ದರೆ, ಟೆಲಿಫೋನಿನಲ್ಲಿ ಅವನ ಧ್ವನಿ ಬೇರೆಯಾಗಿರುತ್ತಿದ್ದಿತು. ಹೇಳಿಕೊಡಬೇಕಾಗಿದ್ದವರು ನಾವು.

ಕಾಗದ ಬರೆದ ಮಹನೀಯರಿಗೆ ಈಗ ನಮ್ಮ ಉತ್ತರ. ತಮ್ಮ ಮಗನು ಸಂಬಳದ ಕೆಲಸವೊಂದನ್ನು ಹಿಡಿಯಲಿ, ಬರವಣಿಗೆಯನ್ನು ಬಿಡಿಸಬೇಡಿ. ಕಳುಹಿಸಿದ ಪ್ರತಿಯೊಂದು ಲೇಖನದ ನಕಲನ್ನು ತಾರೀಖಿನೊಡನೆ ಮನೆಯಲ್ಲಿ ಇಟ್ಟುಕೊಳ್ಳಲಿ. ಎರವಿನ ಬಂಡಿಯನ್ನು ತರುವಾಗ ವಿಮೆಯ ಕಾಗದವನ್ನು ತಾವೇ ಕಣ್ಣಾರೆ ನೋಡಿ. ಮುಚ್ಚಳಿಕೆಯನ್ನು ಓದದೆ ರುಜು ಹಾಕಕೂಡದೆಂದು ಹೇಳಿ. ಅಚ್ಚಾದ ಲೇಖನವನ್ನು ಅವನು ತಂದು ತೋರಿಸಿದಾಗ, ಹಣವೆಷ್ಟು ಬಂದಿತೆಂದು ಕೇಳುವ ಮುನ್ನ, ಇದರಲ್ಲಿ ಇಲ್ಲದ್ದು ಏನೆಂದು ಕೇಳಿ. ನಮ್ಮ ತಂಗಿ ಈಗ ಹಾಗೆಯೇ ಕೇಳುತ್ತಾಳೆ.

ಕಳೆದ ಭಾನುವಾರ ಬೆಳಗ್ಗೆ ಹುಡುಗನು ಹಾಲಿನವರೊಬ್ಬರ ಹಳೆಯ ಬಂಡಿಯನ್ನು ಕೇಳಿ ತಂದು ನಮ್ಮ ಮನೆಯ ಮುಂದೆ ನಿಲ್ಲಿಸಿದನು. ಕ್ಯಾನುಗಳನ್ನು ತೂಗುಹಾಕುವ ಕೊಕ್ಕೆಗಳು ಎರಡು ಮಗ್ಗುಲಲ್ಲಿಯೂ ಹಾಗೆಯೇ ಇದ್ದುವು. ಹೆಜ್ಜೆಗಳ ಲೆಕ್ಕವನ್ನು ವ್ಯಾಪಾರಿಗಳು ಆಕ್ಷೇಪಿಸಿದರೆಂದೂ, ಇನ್ನು ಮೇಲೆ ಮೀಟರಿನ ಲೆಕ್ಕದಲ್ಲಿಯೇ ಬರೆಯುವುದೆಂದೂ ಹೇಳಿ, ನಮ್ಮ ಮನೆಯ ಅಳತೆಯ ಟೇಪನ್ನು ಕೇಳಿ ತೆಗೆದುಕೊಂಡು ಚಾಮುಂಡಿಬೆಟ್ಟದ ಕಡೆ ಹೋದನು. ಟೇಪು ಇನ್ನೂ ಹಿಂದಕ್ಕೆ ಬಂದಿಲ್ಲ.